ಮೂರನೆಯ ಸುತ್ತು

ಸ್ಖೆರ್ಪನ್‌ಹ್ಯೂವೆಲ್
ಮಂಗಳವಾರ, ೫ ನವೆಂಬರ್ ೧೯೯೬

ನನ್ನ ಜುಲ್ಮಾ,

ಹೇಗಿದ್ದೀಯ? ಓಸ್ಟೆಂಡಿನ ಕಡಲ ಗಾಳಿ ನಿನ್ನ ಕೀಲುನೋವಿಗೆ ಒಗ್ಗಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬತ್ತಿ ಅಂಗಡಿಯಲ್ಲಿ ಪುರುಸೊತ್ತಿರಲಿಲ್ಲ ಎನ್ನಬಹುದಿತ್ತು. ಎಪ್ಪತ್ತೆರಡು ದಾಟಿದ ಮೇಲೆ ಆ ಸುಳ್ಳು ಬೇರೆ ಯಾಕೆ? ಮನಸ್ಸು ಬರಲಿಲ್ಲ, ಅಷ್ಟೆ. ಅಕ್ಕ ಎಂದು ನೋಡದೆ ಬೈದುಕೋ.

ಮೊನ್ನೆ ಭಾನುವಾರ ಮೇಣದಬತ್ತಿಯ ಮೆರವಣಿಗೆ ಆಯಿತು. ಜಿಟಿಜಿಟಿ ಮಳೆ, ಅರ್ಧ ಬತ್ತಿ ಚರ್ಚಿನ ಬಾಗಿಲಲ್ಲೇ ಆರಿದವು. ಪಕ್ಕದಲ್ಲಿ ಮಸಾಲೆ ಬಿಸ್ಕತ್ತು ಮಾರುವ ಯೂಲಾಲಿಗೆ ಎಂಬತ್ತು, ಗಂಟಲು ಮಾತ್ರ ಇನ್ನೂ ಹದಿನೆಂಟರದು. "ಏನೇ ಗೋಡಲೀವ, ನಿನ್ನ ಬತ್ತಿ ಹತ್ತೋದೇ ಇಲ್ವಂತೆ! ಮಾತೆಗೂ ನಿನ್ನ ಮೇಲೆ ಸಿಟ್ಟಾ?" ಎಂದು ಗಿರಾಕಿಗಳ ಮುಂದೆಯೇ ಕೂಗಿದಳು. ನಕ್ಕೆ. ಒಳಗೆ ಚುರ್ ಎಂದಿತು.

ನಿನ್ನ ಕಣ್ಣಿನ ಆಪರೇಶನ್ನಿಗೆಂದು ಬರೆದಿದ್ದೀಯ: "ಚರ್ಚಿಗೆ ನನ್ನ ಹೆಸರಲ್ಲಿ ಮೂರು ಸುತ್ತು ಹಾಕು. ಅಮ್ಮ ಹೇಳ್ತಿದ್ದ ಹಾಗೆ ಮುಗಿಯೋವರೆಗೂ ತುಟಿ ಬಿಚ್ಚಬೇಡ, ಬಿಚ್ಚಿದರೆ ಮತ್ತೆ ಮೊದಲಿಂದ." ಹಾಕಲಿಲ್ಲ. ಬೇರೆ ಯಾರಿಗಾದರೂ ಹೇಳು.

ಈಗ ನೀನು ಫೋನ್ ಕುಕ್ಕಿದ ವಿಷಯ. ಫಿರ್ಮಿನ್ ಶುಕ್ರವಾರ ತೀರಿಕೊಂಡ ಎಂದು ನಾನು ಹೇಳಿದರೆ ನೀನು, "ಮಗನ್ನ ತಿಂದುಕೊಂಡವನು. ಅವನ ಮಣ್ಣಿಗೆ ನಾನ್ಯಾಕೆ ಬರಲಿ?" ಎಂದುಬಿಟ್ಟೆ. ಏನು ಮಾಡಿದ್ದ ನಿನ್ನ ಗಂಡ? ನಿಮ್ಮ ಪುಟ್ಟ ಯೋರಿಸ್ ಲ್ಯೂವನ್ನಿನ ಆಸ್ಪತ್ರೆಯಲ್ಲಿ ಮೆದುಳು ಜ್ವರದಲ್ಲಿ ಮಲಗಿದ್ದಾಗ, "ಮೊಳದುದ್ದದ ಮರದ ಗೊಂಬೆಗೆ ಜ್ವರ ಏನ್ ಗೊತ್ತಾಗುತ್ತೆ?" ಎಂದು ನಮ್ಮ ಚರ್ಚಿನ ಮಾತೆಯ ಮೂರ್ತಿಯ ಬಗ್ಗೆ ಒಂದು ಮಾತು ಆಡಿದ. ಮೂರನೇ ದಿನ ಮಗು ಹೋಯಿತು. ಆ ಒಂದು ಮಾತಿಗೆ ನೀನು ಇಪ್ಪತ್ತೇಳು ವರ್ಷ ಅವನ ಮುಖ ನೋಡಲಿಲ್ಲ.

ಅವನು ನಮ್ಮೂರಿನ ವೃದ್ಧಾಶ್ರಮಕ್ಕೇ ಬಂದು ಸೇರಿದ್ದು ಯಾಕೆ ಗೊತ್ತೇ? ಕಿಟಕಿಯಿಂದ ಸ್ಮಶಾನ ಕಾಣುತ್ತದೆ, ಅಮ್ಮನ ಪಕ್ಕದಲ್ಲಿ ಯೋರಿಸ್ ಇದ್ದಾನೆ. ನಾನು ಸೂಪು ಒಯ್ದಾಗಲೆಲ್ಲ ಒಂದೇ ಪ್ರಶ್ನೆ: "ಜುಲ್ಮಾ ಇನ್ನೂ ಸೈಕಲ್ ಹೊಡೀತಾಳಾ?" ಕರೆಸಲೇ ಎಂದರೆ, "ಬೇಡ ಮಾರಾಯ್ತಿ, ಬೈತಾಳೆ. ಬೈಯೋಕೂ ದಮ್ಮು ಬೇಕು, ಅವಳಿಗೂ ವಯಸ್ಸಾಯ್ತು," ಎನ್ನುತ್ತಿದ್ದ.

ಶನಿವಾರ ಹತ್ತು ಗಂಟೆಗೆ ಮಣ್ಣು. ಹೊರುವವರು ಬಿಟ್ಟರೆ ನಾನೊಬ್ಬಳೇ. ಹಟ ಸಾಕು, ಬಾ.

ಮಾತೆ ನಿನ್ನ ಕಣ್ಣು ಕಾಯಲಿ. ನನ್ನ ಮಾತು ಅವಳು ಕೇಳಿದರೆ.

ನಿನ್ನ ಅಕ್ಕ,
ಗೋಡಲೀವ

ತಾ.ಕ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ನೀನು ಆಸ್ಪತ್ರೆ ಬಿಟ್ಟು ಬರಲಾರದೆ ಯೋರಿಸ್‌ಗಾಗಿ ನನ್ನಿಂದ ಹಾಕಿಸಿದ ಸುತ್ತು ಇದೆಯಲ್ಲ, ಮೂರನೆಯದರಲ್ಲಿ ನಾನು ಬಾಯಿ ಬಿಟ್ಟೆ. ಅವತ್ತೂ ಮೆರವಣಿಗೆಯ ಭಾನುವಾರ. ಯೂಲಾಲಿ ನನ್ನ ಗಿರಾಕಿಯ ತೋಳು ಹಿಡಿದು ಎಳೆಯುತ್ತಿದ್ದಳು. "ಏಯ್, ಬಿಡೇ! ಅವರು ನಮ್ಮ ಅಂಗಡಿಗೆ ಬಂದವರು!" ಎಂದು ಕಿರುಚಿದೆ. ತಿರುಗಿದರೆ ಮರದ ಕೆಳಗೆ ಫಿರ್ಮಿನ್. ಗೊಂಬೆ ಎಂದವನು ಲ್ಯೂವನ್ನಿನಿಂದ ನಡೆದೇ ಬಂದಿದ್ದ, ಕೈಯಲ್ಲಿ ಬತ್ತಿ. ಅವನಿಗೂ ಅಮ್ಮನ ಕಟ್ಟಳೆ ಗೊತ್ತಿತ್ತು. ನಾನು ಮೊದಲಿನಿಂದ ಶುರು ಮಾಡಲಿಲ್ಲ. ಅಂಗಡಿಗೆ ಹೋದೆ, ಬತ್ತಿ ಮಾರಿದೆ, ನಿನಗೆ ಫೋನ್ ಮಾಡಿ "ಮೂರೂ ಆಯ್ತು ಕಣೇ" ಎಂದೆ.

ಮಗು ಅದಕ್ಕೇ ಹೋಯಿತೋ ಜ್ವರಕ್ಕೇ ಹೋಯಿತೋ ನನಗೆ ಗೊತ್ತಿಲ್ಲ. ನೀನು ಅವನನ್ನು ಮನೆಯಿಂದ ಹೊರಗೆ ಹಾಕಿದಾಗ ನಾನು ಸುಮ್ಮನಿದ್ದೆ. ಕಳೆದ ವಾರ ಅವನನ್ನೇ ಕೇಳಿದೆ, ಅವಳಿಗೆ ಯಾಕೆ ಹೇಳಲಿಲ್ಲ ಎಂದು. "ಗಂಡ ಹೋದರೆ ತಡ್ಕೋತಾಳೆ. ಅಕ್ಕನೂ ಹೋದರೆ ಅವಳಿಗೆ ಯಾರಿದ್ದಾರೆ?" ಎಂದ.

ಶನಿವಾರ ಬಾ, ಜುಲ್ಮಾ. ನನ್ನ ಮುಖ ನೋಡಬೇಡ. ಅವನ ಪೆಟ್ಟಿಗೆಯ ಹಿಂದೆ ಬಾಯಿ ಮುಚ್ಚಿಕೊಂಡು ನಡೆಯುತ್ತೇನೆ.