ಅತ್ತೆಯ ಉಳಿದ ಮಾತು

ಕ್ಲಾರಾ ಅವರಿಗೆ ನಜ್ಲಾಳ ಸಲಾಂ.

ಹೋದ ವರ್ಷ ಬೇಸಿಗೆಯಲ್ಲಿ ನಾಬ್ಲಸ್ ಪಕ್ಕದ ನಮ್ಮೂರಿಗೆ ಕ್ಯಾಮೆರಾ ತಂದು, ನನ್ನ ಗಂಡ ಮುನೀಬನ ಸಾವಿನ ಬಗ್ಗೆ ಅತ್ತೆಯನ್ನು ಮಾತಾಡಿಸಿದ್ದಿರಿ. ಕುರಿಗಳನ್ನು ಹೊಡೆದುಕೊಂಡು ಬರಲು ಹೋದವನಿಗೆ ಸೈನಿಕರ ಗುಂಡು ತಗುಲಿದ್ದನ್ನು ಅವರು ಹೇಳಿದರು. ಅವನ ಚಿಕ್ಕಂದಿನ ತುಂಟತನ, ತಂಗಿಯ ಮದುವೆಯಲ್ಲಿ ಕುಣಿದು ಕಾಲು ಉಳುಕಿಸಿಕೊಂಡದ್ದು, ಇವನ್ನೂ ಹೇಳಿದರು. ನಡುವೆ ನಕ್ಕರು ಕೂಡ. ನಿಮ್ಮ ಚಹಾ ತಣ್ಣಗಾಯಿತು.

ಟೀವಿಯಲ್ಲಿ ನಿಮ್ಮ ಸುದ್ದಿಯನ್ನು ಪಕ್ಕದ ಮನೆಯಲ್ಲಿ ಕೂತು ನೋಡಿದೆವು. ‘ಘರ್ಷಣೆಯಲ್ಲಿ ಒಬ್ಬ ಸತ್ತ’ ಎಂದರು. ಸೇನೆಯ ವಕ್ತಾರ ನಿಧಾನವಾಗಿ, ಪೂರ್ತಿಯಾಗಿ ಮಾತಾಡಿದ. ಅತ್ತೆ ಸೈನಿಕರಿಗೆ ಶಾಪ ಹಾಕಿದ ಒಂದೇ ಒಂದು ಸಾಲು ಬಂತು. ಮುನೀಬನ ಹೆಸರು ಬರಲಿಲ್ಲ.

“ನಾನು ಅಷ್ಟು ಹೊತ್ತು ಮಾತಾಡಿದ್ನಲ್ಲೇ, ಬೈದಿದ್ದೊಂದೇ ಕೇಳಿಸ್ತಾ ಇವ್ರಿಗೆ?” ಅಂದರು ಅತ್ತೆ.

“ಕ್ಲಾರಾ ಒಳ್ಳೆಯವ್ರು ಅತ್ತೆ. ಕತ್ತರಿ ಬೇರೆಯವ್ರ ಕೈಲಿರುತ್ತೆ” ಅಂದೆ.

“ಹಂಗಾದ್ರೆ ಆ ಕತ್ತರಿ ಹಿಡ್ದೋರೇ ಬಂದು ನಮ್ಮ ಚಹಾ ಕುಡೀಬೇಕಿತ್ತು.”

ಕಳೆದ ತಿಂಗಳು ಅತ್ತೆಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದೆ. ನನ್ನ ಮಗಳು ಸುಹಾ ಅಪ್ಪ ಹೋದಮೇಲೆ ಹುಟ್ಟಿದವಳು. ಈಗ ತೊದಲು ಮಾತಾಡುತ್ತಾಳೆ. ಅವಳಪ್ಪನ ಬಾಲ್ಯವನ್ನು ಮೊದಲಿನಿಂದ ಹೇಳಬಲ್ಲವರು ಅತ್ತೆಯೊಬ್ಬರೇ ಇದ್ದರು.

ಇದು ದೂರಲ್ಲ. ಅಂದು ನೀವು ಚಿತ್ರೀಕರಿಸಿದ್ದು ಇನ್ನೂ ಉಳಿದಿದ್ದರೆ ದಯವಿಟ್ಟು ಕಳಿಸಿಕೊಡಿ. ಟೀವಿಯಲ್ಲಿ ಬಂದ ಸಾಲು ಬೇಡ. ನೀವು ಕತ್ತರಿಸಿ ಬಿಟ್ಟದ್ದಷ್ಟೇ ನಮಗೆ ಸಾಕು.

ಇತಿ,
ಮುನೀಬನ ಹೆಂಡತಿ
ನಜ್ಲಾ