ಬೋಳಿಸದ ಗಡ್ಡ

1954 ನವೆಂಬರ್ 9, ಬೆಳಗ್ಗೆ

ಬೆನೆವೆಂತೊ ಊರು. ಎಂದಿನಂತೆ ಗೋಡೆ ಓದುವ ಕೆಲಸ. ಗೋಡೆಗೆ ಅಂಟಿಸಿದ ಕಪ್ಪು ಅಂಚಿನ ಸಾವಿನ ಚೀಟಿ, ನಾಲ್ಕು ದಿನದ ಹಿಂದಿನದು — ಸಬತೀನೊ, ಅರವತ್ತೆರಡು, ಹೆಂಡತಿ ಕಾರ್ಮೊಸೀನಾ. ಜತೆಗಾರ ಎವಾರಿಸ್ತೊ ಟೋಪಿ ತೆಗೆದು ಶಿಲುಬೆ ಗುರುತು ಹಾಕಿದ. ಆಮೇಲೆ ಕೋಟು ಕೊಡವಿದ.

"ನಾನು ಪೆನ್ಷನ್ ಆಫೀಸಿನವನು. ನೀನು ಸತ್ತವನ ಜತೆ ಯುದ್ಧದಲ್ಲಿದ್ದವನು. ಬಾಕಿ ಪೆನ್ಷನ್ ಬರುತ್ತೆ, ಮೊದಲು ಫೀಸು ಕಟ್ಟಿ ಅಂತೀನಿ. ನೀನು ನಿಟ್ಟುಸಿರು ಬಿಡು, ಸಾಕು."

ಇಬ್ಬರದೂ ಇಪ್ಪತ್ತು ವರ್ಷದಿಂದ ಇದೇ ಕಸುಬು. ಈ ವಯಸ್ಸಿಗೆ ನಿಟ್ಟುಸಿರು ತಾನಾಗಿಯೇ ಬರುತ್ತದೆ.

ಸಂಜೆ

ಒಲೆ ತಣ್ಣಗಿತ್ತು. ಸಾವಿನ ಮನೆಯಲ್ಲಿ ಬೆಂಕಿ ಹಚ್ಚುವುದಿಲ್ಲವಲ್ಲ. ಪಕ್ಕದ ಮನೆಯವರು ತಂದಿಟ್ಟ ಸಾರು ಮೇಜಿನ ಮೇಲೆ. ಕಾರ್ಮೊಸೀನಾ ನನ್ನ ಗಡ್ಡವನ್ನೇ ನೋಡಿದಳು.

"ಅವರ ಒಡಹುಟ್ಟಿದ ತಮ್ಮಂದಿರೇ ಮೂರನೇ ದಿನಕ್ಕೆ ಬೋಳಿಸ್ಕೊಂಡ್ರು ಅಣ್ಣಾ. ಸೂತಕ ಹಿಡಿದೋರು ನೀವೊಬ್ರೇ."

ಎಲ್ಲಿಯ ಸೂತಕ? ಬಾಡಿಗೆ ಕೊಡದೆ ಓಡಿಬಂದ ಕೋಣೆಯಲ್ಲಿ ರೇಜರ್ ಉಳಿದಿತ್ತು, ಅಷ್ಟೇ. ಏನೋ ಹೇಳಲು ಬಾಯಿ ತೆರೆದೆ — ಅಳು ಬಂತು. ನಾಟಕದ್ದಲ್ಲ. ಮುಖವನ್ನೇ ನೋಡದವನಿಗಾಗಿ ಅಳು. ನನಗೇನಾಗಿದೆ? ಅವಳು ಕಿವಿಯ ಚಿನ್ನದ ಓಲೆಗಳನ್ನು ಬಿಚ್ಚಿ ಫೀಸಿಗೆಂದು ಎವಾರಿಸ್ತೊ ಕೈಗಿಟ್ಟಳು.

ಬಸ್ಸಿನಲ್ಲಿ ತಲಾ ಒಂದು ಓಲೆ ಹಂಚಿಕೊಂಡೆವು.

"ಏನು ಕಣ್ಣೀರು ಮಾರಾಯ. ಗಡ್ಡ ಬೋಳಿಸ್ಬೇಡ, ಇನ್ನು ಅದೇ ನಮ್ಮ ಬಂಡವಾಳ."

"ಅದು ನಿಜವಾದ ಅಳು ಕಣೋ."

"ಇನ್ನೂ ಒಳ್ಳೇದಾಯ್ತು."

ನವೆಂಬರ್ 12

ನೇಪಲ್ಸ್. ಕ್ಷೌರದಂಗಡಿಯಲ್ಲಿ ಕೂತೆ. "ಯಾರು ತೀರ್ಕೊಂಡ್ರು ಯಜಮಾನ್ರೆ?" ಎಂದ ಕ್ಷೌರಿಕ. "ಸಬತೀನೊ" ಎಂದುಬಿಟ್ಟೆ. ಸೋಪು ಹಚ್ಚಿದ ಮುಖದಲ್ಲೇ ಎದ್ದು ಬಂದೆ. ತಲೆ ಕೆಟ್ಟಿದೆಯೋ, ಈಗಷ್ಟೇ ಸರಿಯಾಗಿದೆಯೋ... ಗೊತ್ತಾಗುತ್ತಿಲ್ಲ.

ನವೆಂಬರ್ 17

ಓಲೆಗಳನ್ನು ಅವಳಿಗೆ ಹಿಂದಿರುಗಿಸೋಣ ಎಂದೆ. ಎವಾರಿಸ್ತೊ ತನ್ನ ಪಾಲಿನ ಓಲೆ ಕೊಡಲೊಲ್ಲ.

"ನಾಳೆ ನೀನು ಸತ್ರೆ ಯಾರು ಅಳ್ತಾರೆ ಅಂತ ಹೆದರ್ಕೊಂಡಿದೀಯ, ಮುದುಕಾ. ನನಗೆ ಹೊಟ್ಟೆ ಮೊದಲು."

ಇರಬಹುದು. ಒಂದೇ ಓಲೆ ಹಿಡಿದು ಬೆನೆವೆಂತೊ ಬಸ್ಸು ಹತ್ತಿದೆ. ಅವಳು ಪೊಲೀಸರನ್ನು ಕರೆದರೆ ಜೈಲಿನಲ್ಲೇ ಸಾಯಬೇಕು. ಭಯವಾಗುತ್ತಿದೆ. ಆದರೂ ಇಳಿಯಲಿಲ್ಲ, ಏಕೋ.

ನವೆಂಬರ್ 18

ಎಲ್ಲ ಹೇಳಿಬಿಟ್ಟೆ. ಓಲೆ ಮೇಜಿನ ಮೇಲಿಟ್ಟೆ. ಕಾರ್ಮೊಸೀನಾ ಬೆಚ್ಚಲೇ ಇಲ್ಲ.

"ಅವರು ಯುದ್ಧಕ್ಕೆ ಹೋದೋರೇ ಅಲ್ಲ ಅಣ್ಣಾ. ಒಂದು ಕಾಲು ಗಿಡ್ಡ ಅಂತ ಸೈನ್ಯದೋರು ವಾಪಸ್ ಕಳ್ಸಿದ್ರು."

"ಗೊತ್ತಿದ್ದೂ ಯಾಕಮ್ಮಾ ಕೊಟ್ರಿ?"

"ನೀವು ಅತ್ರಿ. ಈ ಮನೇಲಿ ಬೇರೆ ಯಾರೂ ಅಳ್ಲಿಲ್ಲ. ಮದುವೆಯಾದಾಗಿಂದ ಹೊಡೆಸ್ಕೊಂಡೋಳು ನಾನು, ನನಗೂ ಬರ್ಲಿಲ್ಲ. ಆದ್ರೂ ಸತ್ತೋರಿಗೆ ಒಬ್ರಾದ್ರೂ ಅಳಬೇಕಲ್ಲ."

ಅಂಥವನಿಗಾಗಿ ಅತ್ತೆನೆ? ಹಾಗಾದರೆ ಮೋಸ ಹೋದವರು ಯಾರು? ಅವಳು ಓಲೆಯನ್ನು ನನ್ನ ಕಡೆಗೇ ತಳ್ಳಿದಳು.

"ಚರ್ಚಿನಲ್ಲಿ ಮೂವತ್ತನೇ ದಿನದ ಬಲಿಪೂಜೆಗೂ ಬನ್ನಿ. ಆವತ್ತೂ ಹಾಗೇ ಅಳಿ."

ಬರುತ್ತೇನೆ ಎಂದೆ. ಓಲೆ ಈಗ ಜೇಬಿನಲ್ಲಿದೆ. ಇದು ಕೂಲಿಯೋ, ಕದ್ದದ್ದೋ? ಬಸ್ ಸ್ಟ್ಯಾಂಡಿನಲ್ಲಿ ಕೂತು ಒಮ್ಮೆ ಅಳಲು ನೋಡಿದೆ, ಆವತ್ತಿನಂತೆಯೇ. ಒಂದು ಹನಿಯೂ...