ಬಾಗಿಲಿನ ಬೆಲ್ ಕಂಪ್ಯೂಟರಿಗೆ ಬಂತು

ರೀ,

ಕಂಪ್ಯೂಟರ್ ಆನ್ ಮಾಡೋಕೆ ಇನ್ನು ಆ ತೂತಿಗೆ ಪೆನ್ಸಿಲ್ ತೂರಿಸಬೇಡಿ. ಮುರಿದ ಬಟನ್ ಕಿತ್ತು, ನಮ್ಮ ಬಾಗಿಲಿನ ಕಾಲಿಂಗ್ ಬೆಲ್ ಬಟನ್ನೇ ಜೋಡಿಸಿದ್ದೀನಿ. ಸಿಪಿಯು ಪಕ್ಕಕ್ಕೆ ಅಂಟಿಸಿದ್ದೀನಿ, ನೋಡಿ. ಒಂದು ಸಲ ಒತ್ತಿ ಕೈ ಬಿಡಿ. ನಿಮ್ಮ ಅಭ್ಯಾಸದಂತೆ ಒತ್ತಿ ಹಿಡ್ಕೊಂಡ್ರೆ ಆಫ್ ಆಗುತ್ತೆ, ಆಮೇಲೆ ನನ್ನ ಮೇಲೆ ರೇಗಬೇಡಿ. ನಾನು ಆನ್ ಮಾಡಿ ನೋಡಿಯೇ ಕೆಲಸಕ್ಕೆ ಹೊರಟಿದ್ದೀನಿ.

ಸಂಜೆ ನಿಮ್ಮಣ್ಣ ಬರ್ತಾರೆ. ಬೆಲ್ ಇಲ್ಲ, ಬಾಗಿಲು ತಟ್ಟೋದು ಕೇಳೋ ಹಾಗೆ ಟಿವಿ ಸಣ್ಣಗಿಡಿ. "ಈ ಡಬ್ಬಾನ ಗುಜರಿಗೆ ಹಾಕಿ" ಅಂದವರು ಅವರೇ ತಾನೆ? ಅವರ ಕೈಯಲ್ಲೇ ಬಟನ್ ಒತ್ತಿಸಿ.

ಯಾರು ಮಾಡಿದ್ದು ಅಂತ ಕೇಳಿದರೆ ಮಾತ್ರ "ನಾವು ಮಾಡಿದ್ವಿ" ಅನ್ನಬೇಡಿ. ನೀವು ಟಾರ್ಚ್ ಕೂಡ ಹಿಡಿದಿಲ್ಲ.